ವಾಲಿಯ ಅರ್ಥ ಬಾಯಿಗೆ ಬರುತ್ತದೆ, ಪಾಠ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗ ಕನ್ನಡ ಮಾಧ್ಯಮದಲ್ಲಿ 9ನೇ ಕ್ಲಾಸು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾನೆ, ರಾತ್ರಿ ಹನ್ನೊಂದರವರೆಗೆ ಪುಸ್ತಕ ಹಿಡಿದು ಕೂರುತ್ತಾನೆ. ಕೇಳಿದರೆ 'ಎನಗೆಲ್ಲ ಗೊಂತಿದ್ದು' ಎನ್ನುತ್ತಾನೆ. ಪರೀಕ್ಷೆಗೆ ಕೂತರೆ ಮಾತ್ರ ಏನೂ ನೆನಪಾಗುವುದಿಲ್ಲವಂತೆ. ಓಣಂ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನಕ್ಕೆ ಡಿ ಪ್ಲಸ್, ಜೀವಶಾಸ್ತ್ರಕ್ಕೆ ಸಿ. ಆದರೆ ಆದಿತ್ಯವಾರದ ಯಕ್ಷಗಾನ ಕ್ಲಾಸಿನಲ್ಲಿ ವಾಲಿಯ ಪದ್ಯ, ಅರ್ಥ (ಪಾತ್ರ ಆಡುವ ಮಾತು) ಎಲ್ಲ ತಡವರಿಸದೆ ಹೇಳುತ್ತಾನೆ. ಮನೆಯಲ್ಲಿ ಹವ್ಯಕ ಭಾಷೆ, ಅಂಗಳ ದಾಟಿದರೆ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್, ಹಿಂದಿ. ಇಷ್ಟು ಭಾಷೆ ಸೇರಿ ತಲೆ ಗೊಂದಲವಾಗಿದೆಯಾ? ನೆಂಟರೊಬ್ಬರು ನೆನಪಿನ ಮಾತ್ರೆ ಕೊಡಿ, ಯಕ್ಷಗಾನ ಬಿಡಿಸಿ ಎನ್ನುತ್ತಾರೆ. ಇನ್ನೊಬ್ಬರು ಇಂಗ್ಲಿಷ್ ಮೀಡಿಯಂಗೆ ಹಾಕಿ ಎನ್ನುತ್ತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ನಾನು ಜಾಸ್ತಿ ಓದಿದವಳಲ್ಲ, ಪಾಠ ಹೇಳಿಕೊಡಲು ಬರುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಣ್ಣ ಕೆಲಸ. ಪರ್ಸು ಪಕ್ಕಕ್ಕಿಡಿ, ತೆರೆಯಬೇಡಿ. ಹೊಸ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರ ಇದೆ? ನೇರಳೆ ಬಣ್ಣದ 100ರಲ್ಲಿ? ಅದೇ ಬದಿಯಲ್ಲಿ ನೋಟಿನ ಬೆಲೆಯನ್ನು ಬೇರೆ ಬೇರೆ ಭಾಷೆಗಳಲ್ಲಿ ಬರೆದ ಉದ್ದ ಪಟ್ಟಿ ಇದೆಯಲ್ಲ, ಅದರಲ್ಲಿ ಕನ್ನಡ ಎಷ್ಟನೇ ಸಾಲು?

ಶಾಲೆಗಳ ಪಿಟಿಎ (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಸಭೆಗೆ ಕರೆದಾಗೆಲ್ಲ ನಾನು ಇದನ್ನೇ ಕೇಳುತ್ತೇನೆ. 50ರಲ್ಲಿ ಹಂಪಿಯ ಕಲ್ಲಿನ ರಥ ಅಂತ ಒಬ್ಬಿಬ್ಬರು ಹೇಳುತ್ತಾರೆ. 100ರಲ್ಲಿರುವುದು ಗುಜರಾತಿನ ಮೆಟ್ಟಿಲು ಬಾವಿ, ರಾಣಿ ಕಿ ವಾವ್. ಅದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕನ್ನಡ ನಾಲ್ಕನೇ ಸಾಲು, ಮಲಯಾಳ ಏಳನೇ ಸಾಲು. ಈ ಉತ್ತರ ಈವರೆಗೆ ನನಗೆ ಯಾರೂ ಕೊಟ್ಟಿಲ್ಲ. ದಿನಾ ಹತ್ತು ಸಲ ಕೈಯಲ್ಲಿ ಹಿಡಿಯುವ ಕಾಗದ ಅದು. ಅಮೆರಿಕದಲ್ಲಿ 1979ರಲ್ಲಿ ನಿಕರ್ಸನ್ ಮತ್ತು ಆ್ಯಡಮ್ಸ್ ಎಂಬ ಇಬ್ಬರು ಇದನ್ನೇ ಅಲ್ಲಿನ ಒಂದು ಸೆಂಟ್ ನಾಣ್ಯ ಇಟ್ಟುಕೊಂಡು ಪರೀಕ್ಷಿಸಿದ್ದರು. ಜೀವಮಾನವಿಡೀ ಕಂಡ ನಾಣ್ಯವನ್ನು ಜನರಿಗೆ ಸರಿಯಾಗಿ ಬಿಡಿಸಲು ಆಗಲಿಲ್ಲ.

ನಿಮ್ಮ ಮಗ ಮಾಡುತ್ತಿರುವುದೂ ಇದನ್ನೇ. ಪಾಠವನ್ನು ನೋಡುತ್ತಿದ್ದಾನೆ. ಪುಟ ತೆರೆದಾಗ ಎಲ್ಲ ಪರಿಚಿತ, ಅದಕ್ಕೇ 'ಗೊಂತಿದ್ದು' ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಮುಖ ಪರಿಚಯ ಇದೆ, ಹೆಸರು ಬಾಯಿಗೆ ಬರುತ್ತಿಲ್ಲ, ಅಷ್ಟೆ.

ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇದ್ದರೂ ನಿಮ್ಮ ಹೆದರಿಕೆ ಒಂದೇ ಅಂತ ಕಾಣುತ್ತದೆ: ಹುಡುಗನ ತಲೆಯಲ್ಲೇ ಏನಾದರೂ ಕೊರತೆ ಇದೆಯಾ? ನೀವು ಬರೆದದ್ದರ ಮಟ್ಟಿಗೆ ನನಗೆ ಹಾಗನಿಸುವುದಿಲ್ಲ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಜಾಗ ಸಣ್ಣದಲ್ಲ. ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ, ನನ್ನ ನಿನ್ನ ನಡುವೆ ಯಾವ ಹಗೆ, ಹೀಗೆ ಒಂದರಿಂದ ಒಂದಕ್ಕೆ ಮಾತು ಕಟ್ಟಬೇಕು. ಅದನ್ನು ನಿಭಾಯಿಸುವವನ ನೆನಪು ಗಟ್ಟಿಯಾಗಿಯೇ ಇದೆ.

ಹಾಗಾದರೆ ಯಕ್ಷಗಾನ ಕ್ಲಾಸಿನಲ್ಲಿ ಏನು ನಡೆಯುತ್ತದೆ? ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಗುರುಗಳು ಪದ್ಯ ಎತ್ತಿಕೊಡುತ್ತಾರೆ. ಹುಡುಗನ ಕೈಯಲ್ಲಿ ಪುಸ್ತಕ ಇರುವುದಿಲ್ಲ. ನೆನಪಾಗದಿದ್ದರೆ ಎರಡು ಕ್ಷಣ ಕಾಯುತ್ತಾರೆ, ಆಮೇಲೆ ಮೊದಲ ಶಬ್ದ ಮಾತ್ರ ಹೇಳುತ್ತಾರೆ. ತಪ್ಪಿದರೆ ಅಲ್ಲೇ ತಿದ್ದಿ ಮತ್ತೆ ಹೇಳಿಸುತ್ತಾರೆ. ಮುಂದಿನ ಆದಿತ್ಯವಾರ ಪುನಃ ಅದೇ. ಎದುರಿಗೆ ಇನ್ನೊಬ್ಬ ವೇಷದವನು ನಿಂತಿರುತ್ತಾನೆ, ಅವನ ಮಾತು ಮುಗಿದ ಕೂಡಲೇ ಇವನು ಎತ್ತಿಕೊಳ್ಳಬೇಕು. ಅಂದರೆ ಅಲ್ಲಿ ಅವನು ಪ್ರತಿ ಸಲವೂ ಒಳಗಿನಿಂದ ಹೊರಗೆ ತೆಗೆಯುತ್ತಾನೆ. ಮನೆಯ ಮೇಜಿನ ಮುಂದೆ ಹೊರಗಿನಿಂದ ಒಳಗೆ ತುಂಬಿಸುತ್ತಲೇ ಇರುತ್ತಾನೆ. ಒಂದು ಸಲವೂ ತೆಗೆದು ನೋಡುವುದಿಲ್ಲ. ಮೊದಲ ಸಲ ತೆಗೆಯುವುದೇ ಪರೀಕ್ಷೆಯ ಹಾಲಿನಲ್ಲಿ!

ಇದು ನನ್ನ ಊಹೆ ಅಲ್ಲ. 2006ರಲ್ಲಿ ಅಮೆರಿಕದ ಸೈಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಸಣ್ಣ ಪಾಠ ಕೊಟ್ಟರು. ಒಂದು ಸೂರ್ಯನ ಬಗ್ಗೆ, ಒಂದು ಕಡಲಿನ ನೀರುನಾಯಿಯ ಬಗ್ಗೆ. ಒಂದು ಗುಂಪು ನಾಲ್ಕು ಸರ್ತಿ ಓದಿತು. ಇನ್ನೊಂದು ಗುಂಪು ಒಂದೇ ಸರ್ತಿ ಓದಿ, ಉಳಿದ ಮೂರು ಸರ್ತಿ ಹಾಳೆ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ, ಅವರು ಶೇಕಡ 83, ಇವರು 71. ಒಂದು ವಾರ ಬಿಟ್ಟು ಕೇಳಿದಾಗ ತಲೆಕೆಳಗು. ಓದಿದವರು ಶೇಕಡ 40, ಮುಚ್ಚಿ ಬರೆದವರು 61. ಇನ್ನೂ ಮಜಾ ಏನೆಂದರೆ, ವಾರದ ನಂತರ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದ್ದಾಗ ಜಾಸ್ತಿ ಧೈರ್ಯ ಇದ್ದದ್ದು ನಾಲ್ಕು ಸಲ ಓದಿದವರಿಗೆ. ನಿಮ್ಮ ಮಗನ 'ಗೊಂತಿದ್ದು' ಇದೇ ಜಾತಿಯದ್ದು.

ನಾನೂ ಈ ತಪ್ಪು ಮಾಡಿದವಳೇ. ಮಕ್ಕಳ ಕಲಿಕೆಯ ಬಗ್ಗೆ ಸಲಹೆ ಕೊಡುವ ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ಇಂಥ ಮಕ್ಕಳು ಬಂದರೆ ಟೈಂಟೇಬಲ್ ಬರೆದುಕೊಡುತ್ತಿದ್ದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಓದು. ಒಬ್ಬ ಹುಡುಗಿ ಅದನ್ನು ಚಾಚೂ ತಪ್ಪದೆ ಪಾಲಿಸಿ ಮುಂದಿನ ಪರೀಕ್ಷೆಯಲ್ಲಿ ಇನ್ನೂ ಕಡಿಮೆ ತೆಗೆದಳು. ಅವಳ ಪುಸ್ತಕ ತೆರೆದು ನೋಡಿದರೆ ಪುಟಕ್ಕೆ ಪುಟವೇ ಹಳದಿ ಹೈಲೈಟರ್, ಗೆರೆ ಎಳೆಯದ ಸಾಲು ಹುಡುಕಬೇಕು! ಅವಳು ಎಷ್ಟು ಹೊತ್ತು ಓದುತ್ತಾಳೆ ಅಂತ ಕೇಳಿದ್ದೆ. ಪುಸ್ತಕ ಮುಚ್ಚಿದ ಮೇಲೆ ಏನು ಮಾಡುತ್ತಾಳೆ ಅಂತ ಕೇಳಿಯೇ ಇರಲಿಲ್ಲ.

ಈಗ ಸಮಾಜ ವಿಜ್ಞಾನದ ಇಸವಿಗಳ ವಿಷಯ. ಅವನಿಗೆ ಈ ಅಂಕೆ ಒಂದು ಸಲ ಓದಿ ಹೇಳಿ: 194719561984. ಹನ್ನೆರಡು ಅಂಕೆ, ತಿರುಗಿ ಹೇಳುವುದು ಕಷ್ಟ. ಈಗ ಒಡೆಯಿರಿ. 1947, ಸ್ವಾತಂತ್ರ್ಯ. 1956, ಕಾಸರಗೋಡು ಕೇರಳಕ್ಕೆ ಸೇರಿದ್ದು. 1984, ನಮ್ಮ ಜಿಲ್ಲೆ ಆದದ್ದು. ಹನ್ನೆರಡು ಹೋಗಿ ಮೂರಾಯಿತು. ಮನಸ್ಸು ಒಂದೇ ಹೊತ್ತಿಗೆ ಹಿಡಿದುಕೊಳ್ಳುವುದು ಏಳು ಸಂಗತಿ, ಎರಡು ಹೆಚ್ಚು ಅಥವಾ ಎರಡು ಕಡಿಮೆ ಅಂತ ಜಾರ್ಜ್ ಮಿಲ್ಲರ್ ಬರೆದದ್ದೂ ಅದೇ 1956ರಲ್ಲಿ. ಈಚಿನವರು ನಾಲ್ಕೇ ಎನ್ನುತ್ತಾರೆ. ಲೆಕ್ಕ ಎಷ್ಟೇ ಇರಲಿ, ಒಂದೊಂದು ಹಿಡಿಯಲ್ಲಿ ಎಷ್ಟು ಕಟ್ಟಿಕೊಳ್ಳಬಹುದು ಎನ್ನುವುದು ಮೊದಲೇ ಗೊತ್ತಿರುವುದರ ಮೇಲೆ ನಿಂತಿದೆ. ನಿಮ್ಮ ಮಗನಿಗೆ ರಾಮಾಯಣದ ಕಥೆ ಗೊತ್ತು, ತಾಳ ಗೊತ್ತು. ಹಾಗಾಗಿ ಹೊಸ ಪದ್ಯ ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕಥೆ ಗೊತ್ತಿಲ್ಲದ ಇತಿಹಾಸದ ಪಾಠದಲ್ಲಿ ಒಂದೊಂದು ಇಸವಿಯೂ ಒಂಟಿ ಅಂಕೆ. ಮೊದಲು ಕಥೆ ಹೇಳಿಸಿ: ಯಾರು, ಯಾರ ಮೇಲೆ, ಯಾಕೆ. ಇಸವಿ ಆಮೇಲೆ.

ಭಾಷೆಗಳು ಜಾಸ್ತಿಯಾಗಿ ತಲೆ ಗೊಂದಲ ಆಗುತ್ತದೆ ಎನ್ನುವುದು ಹಳೆಯ ನಂಬಿಕೆ, ಒಂದು ಕಾಲದಲ್ಲಿ ಪಂಡಿತರೂ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ಫ್ರೆಂಚ್, ಇಂಗ್ಲಿಷ್ ಎರಡೂ ಬಲ್ಲವರು ಹಿಂದೆ ಬಿದ್ದಿರಲಿಲ್ಲ, ಮುಂದೆಯೇ ಇದ್ದರು. ಎರಡು ಭಾಷೆಯಿಂದ ಬುದ್ಧಿ ಚುರುಕಾಗುತ್ತದೆಯೇ ಎಂಬ ವಾದ ಈಗಲೂ ಇದೆ. ಬುದ್ಧಿ ಕೆಡುತ್ತದೆ ಎಂಬ ವಾದ ಮುಗಿದುಹೋಗಿದೆ. ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಮಲಯಾಳ ಬೆರೆಸಿದರೂ ಅದು ಗೊಂದಲ ಅಲ್ಲ. ಯಾರ ಹತ್ತಿರ ಯಾವುದು ಅಂತ ಅವನಿಗೆ ಚೆನ್ನಾಗಿ ಗೊತ್ತು. ಬಸ್ಸಿನ ಕಂಡಕ್ಟರ್ ಹತ್ತಿರ ಅವನು ಹವ್ಯಕ ಮಾತಾಡುವುದಿಲ್ಲ, ಅಲ್ವಾ?

ಆದರೆ ಭಾಷೆಯ ತೊಂದರೆ ಇನ್ನೊಂದು ಕಡೆ ಇರಬಹುದು. 'ದ್ಯುತಿಸಂಶ್ಲೇಷಣೆ', 'ವೇಗೋತ್ಕರ್ಷ' ಇವೆಲ್ಲ ಕನ್ನಡವೇ, ಆದರೆ ಯಾವ ಮನೆಯ ಕನ್ನಡ? ಪಠ್ಯಪುಸ್ತಕದ ಕನ್ನಡ ಈ ಮಕ್ಕಳಿಗೆ ಏಳನೇ ಭಾಷೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಇದರ ಮೇಲೆ, ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಅಧ್ಯಾಪಕರು ಬಂದದ್ದಕ್ಕೆ ಇಲ್ಲಿ ಎಷ್ಟು ಪ್ರತಿಭಟನೆ ನಡೆದಿದೆ ಅಂತ ನಿಮಗೂ ಗೊತ್ತು. ಅರ್ಥವಾಗದ ಪಾಠ ನೆನಪಿರುವುದಿಲ್ಲ. ಅದನ್ನು ನೆನಪಿನ ದೋಷ ಅನ್ನಬಾರದು. ಪರೀಕ್ಷೆ ಮಾಡುವುದು ಸುಲಭ: ಜೀವಶಾಸ್ತ್ರದ ಒಂದು ಪುಟವನ್ನು ಹವ್ಯಕದಲ್ಲಿ ಹೇಳು ಅನ್ನಿ. ಹೇಳಿದರೆ ಅರ್ಥವಾಗಿದೆ, ಶಬ್ದ ಮಾತ್ರ ಕಟ್ಟಬೇಕು. ಹೇಳಲಾಗದಿದ್ದರೆ ಮಾಷ್ಟ್ರ ಹತ್ತಿರ ಪುನಃ ಕೇಳಿ ಅರ್ಥ ಮಾಡಿಕೊಳ್ಳುವುದೇ ಮೊದಲ ಕೆಲಸ. ಅಲ್ಲಿ ಉರು ಹೊಡೆದು ಪ್ರಯೋಜನ ಇಲ್ಲ.

ಇಂಗ್ಲಿಷ್ ಮೀಡಿಯಂಗೆ ಬದಲಾಯಿಸುವ ಆಲೋಚನೆ ಈಗ ಬೇಡ ಅಂತ ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿಗೆ ಒಂದು ವರ್ಷ ಇರುವಾಗ ಅರ್ಥವಾಗುವ ಭಾಷೆಯಿಂದ ಅರ್ಧ ಅರ್ಥವಾಗುವ ಭಾಷೆಗೆ ಹಾಕಿದರೆ ಈಗಿನ ಕಷ್ಟ ಎರಡರಷ್ಟಾಗುತ್ತದೆ. ಮುಂದೆ ಪ್ಲಸ್ ವನ್‌ನಲ್ಲಿ (ಹನ್ನೊಂದನೇ ಕ್ಲಾಸು) ಸೈನ್ಸ್, ಕಾಮರ್ಸ್ ತೆಗೆದುಕೊಂಡರೆ ಇಂಗ್ಲಿಷ್ ಎದುರಾಗುತ್ತದೆ, ಅದು ನಿಜ. ಅದಕ್ಕೆ ಹತ್ತನೆಯಲ್ಲಿ ಪ್ರತಿ ಪಾಠದ ಮುಖ್ಯ ಶಬ್ದಗಳಿಗೆ ಇಂಗ್ಲಿಷ್ ಹೆಸರನ್ನೂ ನೋಟಿನ ಬದಿಯಲ್ಲಿ ಬರೆದಿಟ್ಟುಕೊಳ್ಳಲಿ. ಟ್ಯೂಷನ್ ಬೇಕಾದರೆ ಕಳಿಸಿ, ಆದರೆ ಅಲ್ಲಿ ನೋಟ್ಸ್ ಬರೆಸುತ್ತಾರಾ, ಪ್ರಶ್ನೆ ಕೇಳುತ್ತಾರಾ ಅಂತ ಮೊದಲು ವಿಚಾರಿಸಿ. ಬರೀ ನೋಟ್ಸ್ ಆದರೆ ಹಣ ಕೊಟ್ಟು ಇನ್ನಷ್ಟು ನೋಡಿಸಿದ ಹಾಗೆ.

ಯಕ್ಷಗಾನ ಬಿಡಿಸಿದರೆ ವಾರಕ್ಕೆ ಎರಡು ಗಂಟೆ ಸಿಗಬಹುದು. ಹೋಗುವುದು ಏನು? 'ನನಗೆ ನೆನಪಿರುತ್ತದೆ' ಅಂತ ಅವನಿಗೆ ಧೈರ್ಯ ಬರುವ ಒಂದೇ ಜಾಗ ಹೋಗುತ್ತದೆ. ಈ ವ್ಯಾಪಾರ ನನಗೆ ಸರಿ ಕಾಣುವುದಿಲ್ಲ. ಹಾಗಂತ ಯಕ್ಷಗಾನ ಕಲಿತರೆ ನೆನಪಿನ ಶಕ್ತಿ ಬೆಳೆದು ಗಣಿತವೂ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಒಂದರಲ್ಲಿ ಮಾಡಿದ ಅಭ್ಯಾಸ ಬೇರೆಯದಕ್ಕೆ ಅಷ್ಟು ಸುಲಭವಾಗಿ ದಾಟುವುದಿಲ್ಲ ಅಂತ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ತೋರಿಸಿದ್ದಾರೆ. ದಾಟಿಸಬೇಕಾದದ್ದು ಕಲಿಯುವ ಕ್ರಮವನ್ನು. ಪರೀಕ್ಷೆಯ ತಿಂಗಳಲ್ಲಿ ಮಂಗಲ ಹಾಡುವವರೆಗೆ ಕೂತು ಆಟ ನೋಡುವುದನ್ನು ಮಾತ್ರ ನಿಲ್ಲಿಸಿ, ಸಾಕು.

ನಿದ್ದೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ ಮಾತು ಹೇಳಲೇಬೇಕು. ಹನ್ನೊಂದಕ್ಕೆ ಪುಸ್ತಕ ಮುಚ್ಚಿ ನಾಲ್ಕೂವರೆಗೆ ಏಳುವುದೆಂದರೆ ಹೆಚ್ಚೆಂದರೆ ಐದೂವರೆ ಗಂಟೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ನೋಡಿದರು. ಕಲಿತು ಮಲಗಿದರೆ ಮರೆಯುವುದು ಕಡಿಮೆ, ಕಲಿತು ಎಚ್ಚರವಿದ್ದರೆ ಜಾಸ್ತಿ. ಇಬ್ಬರ ಮೇಲಿನ ಪ್ರಯೋಗ ಅಂತ ನಗಬಹುದು. ಆದರೆ ಆಮೇಲಿನ ನೂರು ವರ್ಷದ ಕೆಲಸ ಹೆಚ್ಚು ಕಡಿಮೆ ಅದನ್ನೇ ಹೇಳಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎನ್ನುವವರು ಆ ಕಾಲದಲ್ಲಿ ಮಕ್ಕಳು ಎಂಟು ಗಂಟೆಗೇ ಮಲಗುತ್ತಿದ್ದರು ಎನ್ನುವುದನ್ನು ಬಿಟ್ಟುಬಿಡುತ್ತಾರೆ.

ಮಾತ್ರೆಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ಆರೋಗ್ಯವಾಗಿರುವ ಮಗುವಿನ ನೆನಪು ಹೆಚ್ಚಿಸುತ್ತದೆ ಅಂತ ರುಜುವಾದ ಮಾತ್ರೆ ಇಲ್ಲ. ತಿಮರೆ ಚಟ್ನಿ, ಉರಗೆ ತಂಬುಳಿ (ಎರಡೂ ಒಂದೆಲಗವೇ) ಧಾರಾಳ ಮಾಡಿ, ಊಟಕ್ಕೆ ಒಳ್ಳೆಯದು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೈನ್ ಕೋರ್ಸು ಅಂತ ಯಾರಾದರೂ ಬಂದರೆ ಮಗುವಿನ ಮೂಗಿನ ಪಕ್ಕದ ಸಂದಿಯನ್ನು ಹತ್ತಿಯಿಂದ ಮುಚ್ಚಿ ಓದಿಸಿ ಅನ್ನಿ, ಗುಟ್ಟು ಅಲ್ಲೇ ಇರುತ್ತದೆ.

ಇನ್ನು ನಿಜವಾಗಿ ತೋರಿಸಬೇಕಾದ ಸಂದರ್ಭಗಳು. ಗಟ್ಟಿಯಾಗಿ ಓದುವಾಗ ಈಗಲೂ ಅಕ್ಷರ ಅಕ್ಷರ ಹುಡುಕುತ್ತಾನಾ? ಹೇಳಿದರೆ ಸರಿ, ಬರೆದರೆ ಒತ್ತಕ್ಷರ ಎಲ್ಲ ಅದಲುಬದಲಾ? ಮಾತಿನ ಮಧ್ಯೆ ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತು, ಆಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತಾನಾ? ಮೊದಲು ಚೆನ್ನಾಗಿದ್ದವನು ಈ ವರ್ಷ ದಿಢೀರ್ ಇಳಿದನಾ, ಗೆಳೆಯರನ್ನು ಬಿಟ್ಟನಾ, ಆಟವೂ ಬೇಡ ಊಟವೂ ಬೇಡ ಎನ್ನುತ್ತಾನಾ? ಇವುಗಳಲ್ಲಿ ಒಂದು ಇದ್ದರೂ ಕಾಯಬೇಡಿ. ಮಧ್ಯೆ ಮಧ್ಯೆ ಕಣ್ಣು ನೆಡುವುದು ಒಂದು ಬಗೆಯ ಅಪಸ್ಮಾರ ಆಗಿರಬಹುದು, ಅದಕ್ಕೆ ಔಷಧಿ ಇದೆ. ಕಣ್ಣಿನ ದೃಷ್ಟಿ, ರಕ್ತಹೀನತೆ, ಥೈರಾಯ್ಡ್ ಕೂಡ ಒಮ್ಮೆ ನೋಡಿಸಬಹುದು. ಕಲಿಕೆಯ ನ್ಯೂನತೆಯ ಸಂಶಯ ಇದ್ದರೆ ಶಾಲೆಯ ಮೂಲಕ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸ್ಪೆಷಲ್ ಎಜುಕೇಟರ್ ಅವರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಒಂದು ಎಚ್ಚರಿಕೆ: ಪರೀಕ್ಷೆ ಕನ್ನಡದಲ್ಲೇ ಆಗಬೇಕು ಅಂತ ಹೇಳಿ. ಮಲಯಾಳ ಓದಲು ಕಲಿಯದ ಹುಡುಗನಿಗೆ ಮಲಯಾಳದ ಹಾಳೆ ಕೊಟ್ಟು ಕೊರತೆ ಇದೆ ಅಂತ ಬರೆದ ವರದಿ ನನ್ನ ಮೇಜಿಗೆ ಬಂದಿದೆ. ಮನಸ್ಸಿನ ಬೇಸರ ಜಾಸ್ತಿ ಅನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಹಣ ಇಲ್ಲ.

ಇದು ಯಾವುದೂ ಇಲ್ಲದಿದ್ದರೆ ಮನೆಯಲ್ಲೇ ಮೂರು ವಾರ ಹೀಗೆ ಮಾಡಿ ನೋಡಿ. ಒಂದು ಪುಟ ಓದಲಿ. ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಲಿ, ಅಥವಾ ಹೇಳಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಲಿ. ಈ ತೆರೆದು ತಿದ್ದುವ ಕೆಲಸ ಬಿಡಬಾರದು. ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಅದೇ ಪುಟವನ್ನು ಮರುದಿನ ಒಮ್ಮೆ, ಮುಂದಿನ ವಾರ ಒಮ್ಮೆ ಮುಚ್ಚಿ ಹೇಳಲಿ. ಒಂದು ದಿನದಲ್ಲಿ ಮೂರನೇ ಎರಡು ಪಾಲು ಮರೆತೇ ಹೋಗುತ್ತದೆ ಅಂತ ಕೋಚಿಂಗ್‌ನವರು ಹೆದರಿಸುವುದುಂಟು. ಅದು 1885ರಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ ತನ್ನ ಮೇಲೆ ತಾನೇ ಮಾಡಿಕೊಂಡ ಲೆಕ್ಕ, ಅದೂ ಅರ್ಥವೇ ಇಲ್ಲದ ಅಕ್ಷರಗಳ ಸಾಲು ಇಟ್ಟುಕೊಂಡು. ಅರ್ಥವಾದ ಪಾಠ ಅಷ್ಟು ಬೇಗ ಹೋಗುವುದಿಲ್ಲ.

ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಮೊದಲ ಹತ್ತು ದಿನ ಅವನಿಗೆ ಸಿಟ್ಟು ಬರುತ್ತದೆ. ಒಂದು ಗಂಟೆಯಲ್ಲಿ ಹತ್ತು ಪುಟ ಮುಗಿಸುತ್ತಿದ್ದವನು ಮೂರರಲ್ಲೇ ನಿಲ್ಲುತ್ತಾನೆ. ಹಾಳೆ ಖಾಲಿ ಕಂಡು 'ನನಗೆ ಏನೂ ಬರುವುದಿಲ್ಲ' ಎನ್ನುತ್ತಾನೆ. ಹೆಚ್ಚಿನ ಮಕ್ಕಳು ಬಿಟ್ಟುಬಿಡುವುದು ಇಲ್ಲೇ. ವಾಲಿಯ ಮೊದಲ ವಾರ ಹೇಗಿತ್ತು ಅಂತ ಅವನಿಗೇ ನೆನಪು ಮಾಡಿಕೊಡಿ. ಕ್ರಿಸ್ಮಸ್ ಪರೀಕ್ಷೆಗೇ ಫುಲ್ ಎ ಪ್ಲಸ್ ಅಂತ ಕಾಯಬೇಡಿ. ಡಿ ಪ್ಲಸ್ ಇದ್ದದ್ದು ಸಿ ಪ್ಲಸ್ ಆದರೆ ದಾರಿ ಸರಿ ಇದೆ ಅಂತ ತಿಳಿಯಿರಿ.

ನೆಂಟರ ಎದುರು ಕೂರಿಸಿ ಪ್ರಶ್ನೆ ಕೇಳಬೇಡಿ. ಚೆನ್ನಾಗಿ ರೂಢಿಯಾದದ್ದು ಜನರ ಮುಂದೆ ಇನ್ನೂ ಚೆನ್ನಾಗಿ ಬರುತ್ತದೆ, ಅರ್ಧ ಕಲಿತದ್ದು ಕೆಡುತ್ತದೆ ಎನ್ನುವುದು ರಾಬರ್ಟ್ ಜಾಯನ್ಸ್ 1965ರಲ್ಲಿ ಹೇಳಿದ ಮಾತು. ನಾಲ್ಕು ವರ್ಷ ಬಿಟ್ಟು ಅವರು ಜಿರಳೆಗಳನ್ನು ಓಡಿಸಿ ನೋಡಿದರು. ಬೇರೆ ಜಿರಳೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಬೇಗ ಓಡಿದವು, ತಿರುವಿನ ದಾರಿಯಲ್ಲಿ ತಡವಾಯಿತು. ರಂಗಸ್ಥಳದಲ್ಲಿ ಹೊಳೆಯುವ ಹುಡುಗ ಕ್ಲಾಸಿನಲ್ಲಿ ಎದ್ದು ನಿಂತಾಗ ತೊದಲುವುದಕ್ಕೆ ಇದೂ ಒಂದು ಕಾರಣ.

ನಿಮಗೆ ಪಾಠ ಹೇಳಿಕೊಡಲು ಬರುವುದಿಲ್ಲ ಅಂದಿರಲ್ಲ ಅಕ್ಕಾ, ಈ ಕೆಲಸಕ್ಕೆ ಅದೇ ಒಳ್ಳೆಯದು. ಗೊತ್ತಿದ್ದವರು ಅರ್ಧದಲ್ಲೇ ಬಾಯಿ ಹಾಕಿ ಉತ್ತರ ಹೇಳಿಬಿಡುತ್ತಾರೆ. ಸಂಜೆ ಜಗಲಿಯಲ್ಲಿ ಅಡಿಕೆ ಸುಲಿಯುವಾಗ ಅವನನ್ನು ಹತ್ತಿರ ಕೂರಿಸಿಕೊಳ್ಳಿ. ಪುಸ್ತಕ ಒಳಗೆ ಇರಲಿ. 'ಇಂದು ಎಂತ ಪಾಠ, ಎನಗೊಂದು ಹೇಳು' ಅನ್ನಿ. ಸೋಗೆ ಹಸಿರು ಯಾಕೆ, ರಾತ್ರಿ ಗಿಡಕ್ಕೆ ಆಹಾರ ತಯಾರಿಸಲು ಯಾಕೆ ಆಗುವುದಿಲ್ಲ, ಇಂಥದ್ದು ಸುಮ್ನೆ ಕೇಳಿ. ಅವನು ತಡವರಿಸಿದರೆ ಕಾಯಿರಿ. ಎರಡು ಅಡಿಕೆ ಸುಲಿಯುವಷ್ಟು ಹೊತ್ತು ಕಾಯಿರಿ. ಬರದಿದ್ದರೆ ಎದ್ದು ಹೋಗಿ ಪುಸ್ತಕ ನೋಡಿಕೊಂಡು ಬರುತ್ತಾನೆ.